ಗೋಡೆಯಾಚೆಗೊಂದು ಕಾಗದ

ನಮ್ಮ ನಾಚಾರಂಗೆ ಚರ್ಲಪಲ್ಲಿ ಕೇಂದ್ರ ಕಾರಾಗೃಹ ದೂರವೇನಲ್ಲ. ಆದರೆ ಮನೆಯವರೊಬ್ಬರು ಜೈಲು ಸೇರಿದರೆ ನಾಚಿಕೆಯಿಂದ ಅವರ ಹೆಸರನ್ನೇ ಎತ್ತುವುದಿಲ್ಲ. ‘ಆಮೇಲೆ ನೋಡೋಣ’ ಎನ್ನುತ್ತೇವೆ. ಆ ‘ಆಮೇಲೆ’ ಬಾರದೆಯೂ ಇರಬಹುದು.

1970ರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರು ಜೈಲಿನಲ್ಲಿಟ್ಟರು. ಅಲ್ಲಿ ಉಬ್ಬಸ ಉಲ್ಬಣಿಸಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದವರು ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆದ್ದರಿಂದ ಗುರುತಿನ ಚೀಟಿ ಹಿಡಿದು ಭೇಟಿಗೆ ಹೋಗಿ. ಆಗದಿದ್ದರೆ ಕಾಗದ ಬರೆಯಿರಿ. ಅಧಿಕಾರಿಗಳೂ ಓದಬಹುದು, ಮೊಕದ್ದಮೆಯ ಮಾತು ಬೇಡ. ಹಬ್ಬದಡುಗೆ, ಅಜ್ಜಿಯ ಮಂಡಿನೋವು ಸಾಕು. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಮನೆಯಲ್ಲಿ ತಮಗಿನ್ನೂ ಜಾಗವಿದೆಯೆಂದು ಅವರಿಗೆ ತಿಳಿಯಲಿ.