ದೋಷ ಫೈಲಿನದೋ, ಕಂಪ್ಯೂಟರಿನದೋ?

ಮಾಂಗಲ್ಯಧಾರಣೆಯ ದೃಶ್ಯ ಬರುವಷ್ಟರಲ್ಲಿ ವಿಡಿಯೊ ತಡವರಿಸುತ್ತದೆ. ವಾಲಗದ ಸದ್ದು ಸಲೀಸಾಗಿ ಓಡುತ್ತಿರುತ್ತದೆ, ಚಿತ್ರ ಮಾತ್ರ ನಿಂತು ನಿಂತು ಬರುತ್ತದೆ. ಎಡಿಟಿಂಗ್ ಮಾಡುವವರು ಮೊದಲು ಬೈಯುವುದು ಕಂಪ್ಯೂಟರನ್ನು. ಮುಂದಿನ ಯೋಚನೆ ಹೊಸ ಗ್ರಾಫಿಕ್ಸ್ ಕಾರ್ಡಿನದು. ದುಡ್ಡು ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ದೋಷ ಫೈಲಿನೊಳಗೇ ಇದೆಯೋ, ಓಡಿಸುವಾಗ ಮಾತ್ರ ಹುಟ್ಟುತ್ತಿದೆಯೋ?

ಪತ್ತೆ ಮಾಡುವುದು ಕಷ್ಟವಲ್ಲ. ಎಫೆಕ್ಟ್, ಟೈಟಲ್ ಹಾಕಿದ ಟೈಮ್‌ಲೈನ್ ಬಿಟ್ಟು ಮೂಲ ಕ್ಲಿಪ್ಪನ್ನೇ ತೆರೆಯಿರಿ. ಚಿತ್ರ ಎಡವಿದ ಜಾಗದ ಟೈಮ್‌ಕೋಡ್ ಬರೆದಿಟ್ಟುಕೊಂಡು ಅದೇ ಭಾಗವನ್ನು ಮೂರ್ನಾಲ್ಕು ಸಲ ಓಡಿಸಿ. ಪ್ರತಿ ಸಲವೂ ಅದೇ ಫ್ರೇಮಿನಲ್ಲಿ ಎಡವಿದರೆ ಬಹುಮಟ್ಟಿಗೆ ದೋಷ ಫೈಲಿನದು, ಅಂದರೆ ಕ್ಯಾಪ್ಚರ್ ಆಗುವಾಗಲೇ ಬಂದದ್ದು. ಒಮ್ಮೆ ಇಲ್ಲಿ, ಇನ್ನೊಮ್ಮೆ ಅಲ್ಲಿ ಎಡವಿದರೆ ಫೈಲ್ ಚೆನ್ನಾಗಿದೆ, ಓಡಿಸಲು ಕಂಪ್ಯೂಟರಿಗೆ ಆಗುತ್ತಿಲ್ಲ. ಅನುಮಾನ ಉಳಿದರೆ ಆ ಹತ್ತು ಸೆಕೆಂಡುಗಳನ್ನು ಎಕ್ಸ್‌ಪೋರ್ಟ್ ಮಾಡಿ ಫೋನಿನಲ್ಲಿ ನೋಡಿ. ಅಲ್ಲಿ ಸರಾಗವಾಗಿ ಓಡಿದರೆ ಮೂಲ ಫೈಲಿನ ಚಿಂತೆ ಬಿಡಬಹುದು.

ಹಳೆಯ ಕ್ಯಾಸೆಟ್ ಇಳಿಸುವಾಗ

ಮಿನಿ ಡಿವಿ ಕ್ಯಾಸೆಟ್‌ನಲ್ಲಿ ಇರುವುದು ಡಿಜಿಟಲ್ ದತ್ತಾಂಶವೇ. ಫೈರ್‌ವೈರ್ ಕೇಬಲ್ ಮೂಲಕ ಇಳಿಸಿದರೆ ಅದು ಇದ್ದ ಹಾಗೆಯೇ ನಕಲಾಗುತ್ತದೆ, ಗುಣಮಟ್ಟ ಕುಗ್ಗುವುದಿಲ್ಲ. ಅನೇಕ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಕಿಂಡಿಯೂ ಇರುತ್ತದೆ. ಆದರೆ ಅದನ್ನು ಕೊಟ್ಟದ್ದು ಹೆಚ್ಚಾಗಿ ಫೋಟೊ ತೆಗೆದುಕೊಳ್ಳಲು, ಇಲ್ಲವೇ ಕಡಿಮೆ ದರ್ಜೆಯ ವಿಡಿಯೊಗೆ. ಕ್ಯಾಮೆರಾ ಆಫ್ ಮಾಡಿಯೇ ಫೈರ್‌ವೈರ್ ಸಿಕ್ಕಿಸಿ; ಆನ್ ಇರುವಾಗ ಹಾಕಿ ತೆಗೆದರೆ ಪೋರ್ಟ್ ಸುಟ್ಟುಹೋಗುವ ಭಯವಿದೆ.

ಒಂದು ಗಂಟೆಯ ಡಿವಿ ಕ್ಯಾಸೆಟ್ ಸುಮಾರು 13 ಜಿಬಿ ಜಾಗ ತಿನ್ನುತ್ತದೆ. ಪ್ರತಿ ಸಲವೂ 19 ನಿಮಿಷದ ಆಸುಪಾಸಿನಲ್ಲಿ ಕ್ಯಾಪ್ಚರ್ ನಿಂತುಹೋದರೆ ಕ್ಯಾಮೆರಾವನ್ನು ದೂರಬೇಡಿ. ಡಿಸ್ಕ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬಹುದು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಡಿಸ್ಕ್‌ನಲ್ಲಿರುವುದನ್ನು ಬೇರೆಡೆಗೆ ಕಾಪಿ ಮಾಡಿಕೊಂಡು ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿದರೆ ಸಮಸ್ಯೆ ಮುಗಿಯಿತು.

ಚಿತ್ರದಲ್ಲಿ ಚೌಕ ಚೌಕ ತುಣುಕುಗಳು ಕಂಡರೆ ಗಮನವಿಟ್ಟು ನೋಡಿ. ಅಡ್ಡಪಟ್ಟಿಗಳಾಗಿ, ಸಮ ಅಂತರದಲ್ಲಿ ಉದ್ದಕ್ಕೂ ಬರುತ್ತಿದ್ದರೆ ಕ್ಯಾಮೆರಾದ ಎರಡು ಹೆಡ್‌ಗಳಲ್ಲಿ ಒಂದಕ್ಕೆ ಕೊಳೆ ಹಿಡಿದಿರುವ ಸಂಭವ ಹೆಚ್ಚು. ಕ್ಲೀನಿಂಗ್ ಕ್ಯಾಸೆಟ್ಟನ್ನು ಕೆಲವೇ ಸೆಕೆಂಡು ಓಡಿಸಿ ಮತ್ತೆ ಇಳಿಸಿ ನೋಡಿ. ಒಂದೇ ಜಾಗದಲ್ಲಿ ಮಾತ್ರ ಬಂದರೆ ಟೇಪೇ ಅಲ್ಲಿ ಸವೆದಿದೆ.

ವಿಎಚ್‌ಎಸ್ ಕಥೆ ಬೇರೆ. ಅದು ಅನಲಾಗ್. ಟೇಪ್ ಹಳತಾದಷ್ಟೂ ಸಿಗ್ನಲ್‌ನ ಸಮಯ ಅಲುಗಾಡುತ್ತದೆ. ಟಿವಿ ಅದನ್ನು ಸಹಿಸಿಕೊಂಡು ಚಿತ್ರ ತೋರಿಸುತ್ತದೆ, ಅಗ್ಗದ ಕ್ಯಾಪ್ಚರ್ ಸ್ಟಿಕ್ ಮಾತ್ರ ಫ್ರೇಮ್‌ಗಳನ್ನು ಬೀಳಿಸುತ್ತದೆ. ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ ಟೈಮ್ ಬೇಸ್ ಕರೆಕ್ಟರ್ ಇಟ್ಟರೆ ಸಿಗ್ನಲ್ ಹದಕ್ಕೆ ಬರುತ್ತದೆ.

ಶಬ್ದ ತಪ್ಪಿದರೆ

ಸದ್ದಿಗೂ ತುಟಿಗೂ ತಾಳೆಯಾಗದಿದ್ದರೆ, ಹೇಗೆ ತಪ್ಪುತ್ತಿದೆ ಎಂಬುದೇ ಸುಳಿವು. ಮೊದಲಿಂದ ಕೊನೆಯವರೆಗೆ ಒಂದೇ ಅಂತರವಿದ್ದರೆ ಆಡಿಯೊವನ್ನು ಅಷ್ಟು ಫ್ರೇಮ್ ಹಿಂದೆಮುಂದೆ ಸರಿಸಿದರೆ ಸಾಕು. ಅಂತರ ಮೆಟ್ಟಿಲು ಮೆಟ್ಟಿಲಾಗಿ ಬೆಳೆದರೆ ಕ್ಯಾಪ್ಚರ್ ಮಾಡುವಾಗ ಫ್ರೇಮ್ ಬಿದ್ದಿವೆ. ಒಂದೇ ಸಮನೆ ನಿಧಾನವಾಗಿ ಬೆಳೆದರೆ ಚಿತ್ರ ಒಂದು ಸಾಧನದಿಂದ, ಶಬ್ದ ಇನ್ನೊಂದರಿಂದ ಬಂದಿರಬಹುದು. ಎರಡರ ಗಡಿಯಾರವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಶಬ್ದವನ್ನು ಮೈಕ್ ಪಿನ್ನಿಗೆ ಕೊಡದೆ ಕ್ಯಾಪ್ಚರ್ ಸಾಧನದ ಮೂಲಕವೇ ತೆಗೆದುಕೊಳ್ಳಿ.

ಫೋನಿನ ವಿಡಿಯೊ ಆದರೆ ಇನ್ನೊಂದು ಕಾರಣ. 30 ಫ್ರೇಮ್ ಎಂದು ಬರೆದಿದ್ದರೂ ಬೆಳಕು ನೋಡಿಕೊಂಡು ಫೋನ್ ಅದನ್ನು ಹೆಚ್ಚುಕಡಿಮೆ ಮಾಡುತ್ತಿರುತ್ತದೆ. ಎಡಿಟಿಂಗಿಗೆ ತರುವ ಮೊದಲು ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಾಯಿಸಿಕೊಳ್ಳಬೇಕು.

ಓಡಿಸುವಾಗ ತಡವರಿಸಿದರೆ

ಕ್ಯಾಮೆರಾಗಳು ಈಗ ಹೆಚ್ಚಾಗಿ ಬಳಸುವ ಎಚ್.264, ಎಚ್.265 ವಿಧಾನಗಳಲ್ಲಿ ಪ್ರತಿ ಫ್ರೇಮ್ ಪೂರ್ತಿಯಾಗಿ ಇರುವುದಿಲ್ಲ. ಆಗೊಂದು ಈಗೊಂದು ಪೂರ್ಣ ಚಿತ್ರ, ನಡುವೆ ಬದಲಾದದ್ದರ ವಿವರ ಮಾತ್ರ. ವಾರಪತ್ರಿಕೆಯ ಧಾರಾವಾಹಿಯನ್ನು ನಡುವಿನ ಕಂತಿನಿಂದ ಓದಲು ಹೊರಟರೆ ಹಿಂದಿನ ಕಂತುಗಳನ್ನು ತಿರುವಿಹಾಕಬೇಕಲ್ಲ, ಹಾಗೆ ಟೈಮ್‌ಲೈನಿನಲ್ಲಿ ಎಲ್ಲಿ ಕ್ಲಿಕ್ ಮಾಡಿದರೂ ಕಂಪ್ಯೂಟರ್ ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಹಾಕಿಕೊಂಡು ಬರಬೇಕು. ಫೈಲ್ ಚಿಕ್ಕದು, ಬಿಡಿಸುವ ಕೆಲಸ ದೊಡ್ಡದು.

ಹಾಗಾಗಿ ತಪ್ಪನ್ನು ಡಿಸ್ಕ್ ಮೇಲೆ ಹೊರಿಸುವ ಮೊದಲು ಲೆಕ್ಕ ಹಾಕಿ. 100 ಎಂಬಿಪಿಎಸ್‌ನ 4ಕೆ ವಿಡಿಯೊಗೆ ಬೇಕಾಗುವುದು ಸೆಕೆಂಡಿಗೆ 12.5 ಎಂಬಿ, ಸಾಮಾನ್ಯ ಹಾರ್ಡ್‌ಡಿಸ್ಕೂ ಅಷ್ಟು ಕೊಡಬಲ್ಲದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಪುಟದ ‘ವಿಡಿಯೊ ಡಿಕೋಡ್’ ಗ್ರಾಫ್ ನೋಡುತ್ತಾ ಕ್ಲಿಪ್ ಓಡಿಸಿ. ಗ್ರಾಫ್ ಸೊನ್ನೆಯಲ್ಲೇ ಮಲಗಿದ್ದು ಸಿಪಿಯು 100ರ ಹತ್ತಿರ ಏರಿದರೆ ಹಾರ್ಡ್‌ವೇರ್ ಡಿಕೋಡಿಂಗ್ ನಡೆಯುತ್ತಿಲ್ಲ ಎಂದರ್ಥ. ಸೆಟ್ಟಿಂಗ್ ಆಫ್ ಆಗಿರಬಹುದು, ಇಲ್ಲವೇ ಆ ಮಾದರಿ ಕಾರ್ಡಿಗೆ ಗೊತ್ತಿಲ್ಲದಿರಬಹುದು. 10-ಬಿಟ್ 4:2:2 ಎಚ್.265 ಇದಕ್ಕೆ ಒಳ್ಳೆಯ ಉದಾಹರಣೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಗೆ ಮುಂಚಿನ ಕಾರ್ಡ್‌ಗಳು, ಎಷ್ಟೇ ದುಬಾರಿಯಾಗಿರಲಿ, ಅದನ್ನು ಬಿಡಿಸುವುದಿಲ್ಲ. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಅನೇಕ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಬಿಡಿಸುತ್ತದೆ. ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರ್‌ಗಳಲ್ಲಿ ಆ ಗ್ರಾಫಿಕ್ಸೇ ಇರುವುದಿಲ್ಲ. ಕೊಳ್ಳುವಾಗ ಈ ಅಕ್ಷರ ನೋಡಿಕೊಳ್ಳಿ.

ಇದ್ದ ಯಂತ್ರದಲ್ಲೇ ಕೆಲಸ ಸಾಗಬೇಕಾದರೆ ಪ್ರಾಕ್ಸಿ ಮಾಡಿಕೊಳ್ಳಿ: ಎಡಿಟಿಂಗಿಗೆ ಹಗುರವಾದ ನಕಲು, ಎಕ್ಸ್‌ಪೋರ್ಟಿಗೆ ಮೂಲ ಫೈಲ್. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎರಡರಲ್ಲೂ ಈ ಸೌಲಭ್ಯವಿದೆ. ಪ್ರಾಕ್ಸಿಯ ಬದಲು ಎಲ್ಲವನ್ನೂ 4ಕೆ ಪ್ರೊರೆಸ್ 422ಗೆ ಬದಲಾಯಿಸಿದರೆ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಬಿಡಿಸುವುದು ಸುಲಭ, ಆದರೆ 25 ಫ್ರೇಮಿನ ಒಂದು ಕ್ಯಾಮೆರಾಕ್ಕೇ ಸೆಕೆಂಡಿಗೆ ಸುಮಾರು 60 ಎಂಬಿ ಬೇಕು. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದರೆ ಹಾರ್ಡ್‌ಡಿಸ್ಕ್ ಸೋಲುತ್ತದೆ. ಅಲ್ಲಿ ಎಸ್‌ಎಸ್‌ಡಿ ಬೇಕೇ ಬೇಕು.

ಪ್ರೀಮಿಯರ್‌ನಲ್ಲಿ ಪ್ಲೇ ಒತ್ತಿದರೂ ಚಿತ್ರ ಕದಲದಿದ್ದರೆ ಆಡಿಯೊ ಹಾರ್ಡ್‌ವೇರ್ ಸೆಟ್ಟಿಂಗ್‌ನಲ್ಲಿ ಇನ್‌ಪುಟ್ಟನ್ನು ‘ನೋ ಇನ್‌ಪುಟ್’ ಮಾಡಿ ನೋಡಿ. ಶುರುವಿನಲ್ಲಿ ಚೆನ್ನಾಗಿ ಓಡಿ ಅರ್ಧ ಗಂಟೆಯ ಮೇಲೆ ತಡವರಿಸಿದರೆ ಕಾರಣ ಹೆಚ್ಚಾಗಿ ಶಾಖ. ಬಿಸಿಯಾದ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನಿನ ದೂಳು ತೆಗೆಯುವುದೂ ರಿಪೇರಿಯೇ.

ಯಾವ ಪ್ರಯೋಗ ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಡ್ರೈವರ್, ಕೇಬಲ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ, ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಕ್ಯಾಸೆಟ್ ಇಳಿಸಿದ ಫೈಲನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ನೋಡಿ, ಎರಡು ಕಡೆ ಕಾಪಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಮೂಲ ಕ್ಯಾಸೆಟ್ಟನ್ನು ಹಿಂದಿರುಗಿಸಬೇಡಿ. ಕಂಪ್ಯೂಟರಿನ ದೋಷವನ್ನು ಯಾವತ್ತಾದರೂ ಸರಿಪಡಿಸಬಹುದು, ಫೈಲಿನ ದೋಷಕ್ಕೆ ಮತ್ತೆ ಆ ಕ್ಯಾಸೆಟ್ಟೇ ಬೇಕು.