ಮನೆಯ ಮುಖವೂ ರಾಜ್ಯದ ತೆರಿಗೆಯೂ

ಮನೆಯ ಒಡೆತನ ಒಬ್ಬನದು. ಅದರ ಹೊರಗೋಡೆಯನ್ನು ದಿನವೂ ನೋಡುವವರು ಊರಿನವರೆಲ್ಲರು. ಆದಕಾರಣ ಆ ಗೋಡೆಯ ಅಂದವನ್ನು ಕಾಪಾಡುವ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆ ಯೂರೋಪಿನ ನಗರಗಳ ಚರಿತ್ರೆಯಲ್ಲಿ ಪುನಃ ಪುನಃ ತಲೆದೋರಿದೆ. ಇಟಲಿ ದೇಶವು 2020ರಿಂದ 2022ರವರೆಗೆ ನಡೆಸಿದ ಒಂದು ಪ್ರಯೋಗದ ಮೂಲಕ ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಎರಡು ಹಳೆಯ ನಿದರ್ಶನಗಳನ್ನು ನೆನೆಯೋಣ. ಇಂಗ್ಲೆಂಡಿನಲ್ಲಿ ಮೂರನೆಯ ವಿಲಿಯಂ ದೊರೆಯ ಕಾಲದಲ್ಲಿ, 1696ರಲ್ಲಿ, ಕಿಟಕಿಗಳ ಎಣಿಕೆಯನ್ನನುಸರಿಸಿ ಮನೆಗಳ ಮೇಲೆ ತೆರಿಗೆಯನ್ನು ವಿಧಿಸಲಾಯಿತು. ತೆರಿಗೆಯನ್ನು ತಗ್ಗಿಸಿಕೊಳ್ಳಲು ಅನೇಕರು ತಮ್ಮ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದರು. 1851ರಲ್ಲಿ ರದ್ದಾಗುವವರೆಗೂ ಈ ತೆರಿಗೆಯು ಬೊಕ್ಕಸಕ್ಕೆ ಹಣವನ್ನು ತಂದು, ಮನೆಗಳ ಗಾಳಿ ಬೆಳಕುಗಳನ್ನು ಕಸಿದುಕೊಂಡಿತು. ಪ್ಯಾರಿಸಿನ ದಾರಿ ಬೇರೆ. 1852ರ ಮಾರ್ಚ್ 26ರ ಆಜ್ಞೆಯು, ಅಧಿಕಾರಿಗಳ ಆದೇಶ ಬಂದಾಗ ಮನೆಯ ಮುಂಗೋಡೆಯನ್ನು ಹತ್ತು ವರ್ಷಗಳಿಗೆ ಒಮ್ಮೆಯಾದರೂ ಕೆರೆದು ಶುಚಿಮಾಡಿಸಬೇಕು ಅಥವಾ ಬಣ್ಣ ಬಳಿಸಬೇಕು, ತಪ್ಪಿದರೆ ದಂಡ ತೆರಬೇಕು ಎಂದು ವಿಧಿಸಿತು. 1959ರಲ್ಲಿ ಸಂಸ್ಕೃತಿ ಮಂತ್ರಿಯಾದ ಆಂದ್ರೆ ಮಾಲ್ರೋ, ಮಸಿಹಿಡಿದಿದ್ದ ಆ ನಗರವನ್ನು ಬೆಳ್ಳಗೆ ಮಾಡಲು ಈ ಹಳೆಯ ಕಟ್ಟಳೆಯನ್ನೇ ಮತ್ತೆ ಬಳಕೆಗೆ ತಂದರು.

ಇಟಲಿ ಹಿಡಿದದ್ದು ಮೂರನೆಯ ಮಾರ್ಗ. ಅದು ದಂಡದ ಮಾರ್ಗವಲ್ಲ, ಪ್ರೋತ್ಸಾಹದ ಮಾರ್ಗ. 2019ರ ಡಿಸೆಂಬರಿನಲ್ಲಿ ಅಂಗೀಕೃತವಾದ ಆಯವ್ಯಯದ ಶಾಸನವು, ಮನೆಯ ಮುಂಗೋಡೆಯನ್ನು ದುರಸ್ತಿಗೊಳಿಸಲು ಆದ ವೆಚ್ಚದಲ್ಲಿ ನೂರಕ್ಕೆ 90 ಪಾಲನ್ನು ವರಮಾನ ತೆರಿಗೆಯಲ್ಲಿ ಮುರಿದುಕೊಳ್ಳುವ ಹಕ್ಕನ್ನು ಕೊಟ್ಟಿತು. ‘ಬೋನುಸ್ ಫಚ್ಚಾತೆ’, ಎಂದರೆ ಮುಂಗೋಡೆಗಳ ಬೋನಸ್ಸು, ಎಂಬುದು ಇದರ ರೂಢಿಯ ಹೆಸರು. ವೆಚ್ಚಕ್ಕೆ ಗರಿಷ್ಠ ಮಿತಿ ಇರಲಿಲ್ಲ. ಗಾರೆ, ಬಾಲ್ಕನಿ, ಅಲಂಕಾರದ ಪಟ್ಟಿಕೆಗಳ ಕೆಲಸವಲ್ಲದೆ, ಬರಿದೆ ತೊಳೆದು ಬಣ್ಣ ಬಳಿಯುವುದಕ್ಕೂ ವಿನಾಯಿತಿ ಸಲ್ಲುತ್ತಿತ್ತು. ಕಿಟಕಿ ಬಾಗಿಲುಗಳನ್ನು ಬದಲಿಸುವುದಕ್ಕೆ ಸಲ್ಲುತ್ತಿರಲಿಲ್ಲ. ಕಟ್ಟಡವು ಪಟ್ಟಣದ ಪ್ರಾಚೀನ ಭಾಗದಲ್ಲಿ ಅಥವಾ ಈಗಾಗಲೇ ಕಟ್ಟಡಗಳು ಎದ್ದಿರುವ ವಲಯದಲ್ಲಿ ಇರಬೇಕಾಗಿತ್ತು. ಎಲ್ಲಕ್ಕಿಂತ ಗಮನಾರ್ಹವಾದ ನಿಯಮವೆಂದರೆ, ಆ ಗೋಡೆಯು ಬೀದಿಯಿಂದಲೋ ಸಾರ್ವಜನಿಕ ಸ್ಥಳದಿಂದಲೋ ಭಾಗಶಃವಾದರೂ ಕಾಣುವಂತಿರಬೇಕು. ಯಾರಿಗೂ ಕಾಣದ ಒಳ ಅಂಗಳದ ಗೋಡೆಗೆ ವಿನಾಯಿತಿ ಇಲ್ಲ. ದಾರಿಹೋಕನ ಕಣ್ಣಿಗೆ ದೊರೆಯುವ ಸಂತೋಷಕ್ಕಾಗಿಯೇ ರಾಜ್ಯವು ಬೆಲೆ ತೆರುತ್ತಿದೆಯೆಂಬ ತತ್ತ್ವವು ಈ ನಿಯಮದಲ್ಲಿ ಸ್ಪಷ್ಟವಾಗಿದೆ.

ಆದರೆ ಈ ಹಕ್ಕು ಎಲ್ಲರಿಗೂ ಸಮನಾಗಿ ದಕ್ಕುವಂತಿರಲಿಲ್ಲ. ಒಬ್ಬನು ಒಂದು ಲಕ್ಷ ಯೂರೋ ವೆಚ್ಚಮಾಡಿದನೆಂದು ಭಾವಿಸೋಣ. ಅವನಿಗೆ ಸಲ್ಲತಕ್ಕ 90,000 ಯೂರೋಗಳನ್ನು ಹತ್ತು ಸಮನಾದ ಕಂತುಗಳಲ್ಲಿ, ವರ್ಷಕ್ಕೆ 9,000ದಂತೆ ಮುರಿದುಕೊಳ್ಳಬೇಕು. ಅವನು ತೆರಬೇಕಾದ ತೆರಿಗೆಯೇ ವರ್ಷಕ್ಕೆ 5,000 ಆಗಿದ್ದರೆ ಮಿಕ್ಕ 4,000 ಯೂರೋ ಆ ವರ್ಷದ ಮಟ್ಟಿಗೆ ನಷ್ಟವೇ ಸರಿ. ಹೆಚ್ಚು ವರಮಾನವುಳ್ಳವನಿಗೆ ಪೂರ್ಣ ಫಲ, ಅಲ್ಪ ವರಮಾನದವನಿಗೆ ಅರ್ಧ ಫಲ ಎಂದಾಯಿತು. ವಿನಾಯಿತಿಯ ರೂಪದಲ್ಲಿ ಕೊಡುವ ಯಾವ ಸಹಾಯಕ್ಕಾದರೂ ಅಂಟಿಕೊಂಡೇ ಬರುವ ದೋಷವಿದು.

2020ರ ಮೇ ತಿಂಗಳಲ್ಲಿ, ಸಾಂಕ್ರಾಮಿಕ ರೋಗದಿಂದ ಕುಸಿದಿದ್ದ ಆರ್ಥಿಕ ಜೀವನವನ್ನು ಎತ್ತಿಹಿಡಿಯಲು ಹೊರಡಿಸಿದ ಸುಗ್ರೀವಾಜ್ಞೆಯು ಈ ದೋಷಕ್ಕೂ ಪರಿಹಾರ ಒದಗಿಸಿತು. ಮನೆಯೊಡೆಯನು ತನ್ನ ಹಕ್ಕನ್ನು ಬ್ಯಾಂಕಿಗೋ ಅನ್ಯರಿಗೋ ಮಾರಬಹುದು. ಇಲ್ಲವೆ ಕಂಟ್ರಾಕ್ಟರನಿಂದ ಬಿಲ್ಲಿನಲ್ಲಿಯೇ ಸೋಡಿ ಪಡೆದು, ಹಕ್ಕನ್ನು ಅವನಿಗೆ ಬಿಟ್ಟುಕೊಡಬಹುದು. ಇದರಿಂದ ಕೈಯಲ್ಲಿ ಹಣವಿಲ್ಲದವರಿಗೂ ಮಾರ್ಗ ತೆರೆಯಿತು. ಆದರೆ ಅದೇ ಬಾಗಿಲಿನಿಂದ ವಂಚಕರೂ ಒಳನುಗ್ಗಿದರು. ಕೈಯಿಂದ ಕೈಗೆ ಸಾಗುವ ಹಕ್ಕು ಹೆಚ್ಚುಕಡಮೆ ನಾಣ್ಯವೇ ಆಯಿತು. ನಡೆಯದ ಕೆಲಸಕ್ಕೆ ಬಿಲ್ಲು ಬರೆದು ಆ ನಾಣ್ಯವನ್ನು ಟಂಕಿಸುವುದು ಸುಲಭವಾಯಿತು. 2022ರ ಫೆಬ್ರವರಿಯಲ್ಲಿ ತೆರಿಗೆ ಇಲಾಖೆಯ ಮುಖ್ಯಾಧಿಕಾರಿಯು ಸೆನೆಟ್ಟಿನ ಸಮಿತಿಯ ಮುಂದೆ ತಿಳಿಸಿದ ಪ್ರಕಾರ, ಅಲ್ಲಿಯವರೆಗೆ ಪತ್ತೆಯಾಗಿದ್ದ ಸುಳ್ಳು ಹಕ್ಕುಗಳ ಮೊತ್ತ 440 ಕೋಟಿ ಯೂರೋ. ಅದರಲ್ಲಿ ನೂರಕ್ಕೆ 46 ಪಾಲು ಮುಂಗೋಡೆಗಳ ಹೆಸರಿನದು. ಅದೇ ಕಾಲದಲ್ಲಿ, ಮನೆಗಳ ಇಂಧನ ಉಳಿತಾಯಕ್ಕಾಗಿ ನೂರಕ್ಕೆ 110ರಷ್ಟು ಕೊಡುತ್ತಿದ್ದ ಇನ್ನೊಂದು ಯೋಜನೆಯ ಪಾಲು ಕೇವಲ 3.

ಹೆಚ್ಚು ಉದಾರವಾದ ಯೋಜನೆಯಲ್ಲಿ ಕಡಮೆ ವಂಚನೆ ಕಂಡುಬಂದುದಕ್ಕೆ ಕಾರಣವನ್ನು ನಾವು ವಿಚಾರಿಸಬೇಕು. ಆ ಯೋಜನೆಯಲ್ಲಿ ತಜ್ಞರು ಕೆಲಸವನ್ನೂ ಬೆಲೆಯನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕೆಂಬ ವಿಧಿ ಮೊದಲಿನಿಂದಲೇ ಇದ್ದಿತು. ಮುಂಗೋಡೆಯ ಹಕ್ಕನ್ನು ಮಾರುವುದಕ್ಕೆ ಇಂಥ ಪರೀಕ್ಷೆ ಕಡ್ಡಾಯವಾದದ್ದು 2021ರ ನವೆಂಬರಿನಲ್ಲಿ ಮಾತ್ರ. 2022ರಲ್ಲಿ ವಿನಾಯಿತಿ ನೂರಕ್ಕೆ 60ಕ್ಕೆ ಇಳಿದು, ಆ ವರ್ಷದ ಕೊನೆಗೆ ಯೋಜನೆಯೇ ಮುಗಿಯಿತು.

ಈ ವೃತ್ತಾಂತದಿಂದ ಮನೆಯ ಅಂದಕ್ಕಾಗಿ ರಾಜ್ಯವು ಹಣ ಕೊಡಲೇಬಾರದೆಂಬ ನಿರ್ಣಯಕ್ಕೆ ಬರುವುದು ಆತುರವಾದೀತು. ಹೊಸ ಗಾರೆ, ಹೊಸ ಬಣ್ಣ ಕಂಡ ಗೋಡೆಗಳು ಇಟಲಿಯ ಬೀದಿಗಳಲ್ಲಿ ಇಂದಿಗೂ ನಿಂತಿವೆ. ಬಡವನಿಗೂ ಫಲ ದೊರೆಯಲೆಂದು ಹಕ್ಕನ್ನು ಮಾರಲು ಬಿಟ್ಟದ್ದು ನ್ಯಾಯವೇ. ಗೋಡೆಯನ್ನು ನೋಡಿಬರುವವರನ್ನು ನೇಮಿಸುವ ಮೊದಲೇ ಹಾಗೆ ಬಿಟ್ಟದ್ದು ತಪ್ಪು. ದಾರಿಹೋಕನ ಕಣ್ಣಿಗೆ ಕಾಣಬೇಕೆಂದು ವಿಧಿಸಿದ ಶಾಸನವು, ತನ್ನ ಪರವಾಗಿ ಒಬ್ಬ ಪರೀಕ್ಷಕನೂ ಅದನ್ನು ಕಾಣಬೇಕೆಂಬುದನ್ನು ಸುಮಾರು ಎರಡು ವರ್ಷಗಳ ಕಾಲ ಮರೆತಿದ್ದಿತು.