ಹಂತಿ ಊಟ ಮತ್ತು ಪ್ಲಾಸ್ಮಾ ಎಂಜಿನ್

ಪೊಳಲಿ ಜಾತ್ರೆ ಅಂದ್ರೆ ಎಲ್ಲರಿಗೂ ನೆನಪಾಗೋದು ಚೆಂಡು. ನನಗೆ ನೆನಪಾಗೋದು ಊಟದ ಹಂತಿ. ಹೊರಗಿನ ಕ್ಯೂ ಒಂದೇ ಸಮ ಬರ್ತಾ ಇರುತ್ತೆ. ಒಳಗೆ ಮಾತ್ರ ಒಂದು ಹಂತಿ ತುಂಬಿ, ಉಂಡು, ಎದ್ದು ಖಾಲಿಯಾದ ಮೇಲೇ ಇನ್ನೊಂದು. ಉಪಗ್ರಹದ ಪ್ಲಾಸ್ಮಾ ಎಂಜಿನ್ ಒಳಗೂ ಹೆಚ್ಚುಕಡಿಮೆ ಹೀಗೇ ನಡೆಯುತ್ತೆ!

ಹಾಲ್ ಥ್ರಸ್ಟರ್ ಅಂದ್ರೆ ಬಳೆಯಾಕಾರದ ಒಂದು ಸೆರಾಮಿಕ್ ಚಾನೆಲ್. ಅದಕ್ಕೆ ಕ್ಸೆನಾನ್ ಅನಿಲ ಬಿಡ್ತಾರೆ. ಕಾಂತಕ್ಷೇತ್ರ ಹಗುರವಾದ ಎಲೆಕ್ಟ್ರಾನುಗಳನ್ನು ಹಿಡಿದು ಚಾನೆಲ್ ಸುತ್ತ ಸುತ್ತಿಸುತ್ತದೆ. ಅವು ಕ್ಸೆನಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆದು ಅಯಾನು ಮಾಡುತ್ತವೆ. ಭಾರದ ಅಯಾನುಗಳು ಕಾಂತಕ್ಷೇತ್ರಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಸುಮಾರು 300 ವೋಲ್ಟಿನ ವಿದ್ಯುತ್ ಕ್ಷೇತ್ರ ಅವನ್ನು ಸೆಕೆಂಡಿಗೆ 15ರಿಂದ 20 ಕಿ.ಮೀ. ವೇಗದಲ್ಲಿ ಹೊರಗೆ ದೂಡುತ್ತದೆ. ರಾಸಾಯನಿಕ ರಾಕೆಟ್ಟಿನ ಅನಿಲದ ವೇಗ 3-4 ಕಿ.ಮೀ. ಮಾತ್ರ. ಹಾಗಾಗಿ ಇಂಧನ ಬಹಳ ಉಳಿಯುತ್ತೆ.

ತೊಂದರೆ ಇರೋದು ಇಲ್ಲಿ: ಅಯಾನು ಹೊರಹೋಗುವುದು ಬೇಗ, ಹೊಸ ಅನಿಲ ತುಂಬುವುದು ನಿಧಾನ. ಅನಿಲ ಖಾಲಿಯಾದರೆ ಅಯಾನು ಹುಟ್ಟೋದು ಕಡಿಮೆ, ಕರೆಂಟ್ ಇಳಿಯುತ್ತೆ. ತುಂಬಿದ ಕೂಡಲೇ ಕರೆಂಟ್ ಮತ್ತೆ ಏರುತ್ತೆ. ಸೆಕೆಂಡಿಗೆ ಹತ್ತಾರು ಸಾವಿರ ಸಲ ನಡೆಯುವ ಈ ಏರಿಳಿತಕ್ಕೆ ‘ಬ್ರೀದಿಂಗ್ ಮೋಡ್’ ಅಂತಾರೆ. ಸ್ವಲ್ಪ ಇದ್ದರೆ ಪರವಾಗಿಲ್ಲ. ಜೋರಾದರೆ ಪವರ್ ಸಪ್ಲೈಗೆ ಪೆಟ್ಟು, ಎಂಜಿನ್ ನಂದಿಹೋಗಲೂಬಹುದು. ಅದಕ್ಕೇ ನಡುವೆ ಇಂಡಕ್ಟರ್, ಕೆಪಾಸಿಟರ್ ಫಿಲ್ಟರ್ ಇಡ್ತಾರೆ, ಕಾಂತಕ್ಷೇತ್ರವನ್ನು ಹದವಾಗಿ ಹೊಂದಿಸ್ತಾರೆ.

ಇಸ್ರೋ 2010ರಲ್ಲಿ ಜಿಸ್ಯಾಟ್-4ರಲ್ಲಿ ಇಂಥ ಥ್ರಸ್ಟರ್ ಕಳಿಸಿತ್ತು. ಆದರೆ ಉಡಾವಣೆಯೇ ವಿಫಲವಾಗಿ ಅವು ಉರಿಯುವ ಮೊದಲೇ ಸಮುದ್ರ ಸೇರಿದವು. 2017ರ ಜಿಸ್ಯಾಟ್-9ರಲ್ಲಿ ವಿದ್ಯುತ್ ನೋದನ ಕೆಲಸ ಮಾಡಿತು. 2025ರ ಮಾರ್ಚಿನಲ್ಲಿ ಇಸ್ರೋದ 300 ಮಿಲಿನ್ಯೂಟನ್ ಥ್ರಸ್ಟರ್ 1000 ಗಂಟೆಗಳ ಪರೀಕ್ಷೆ ಮುಗಿಸಿತು. 5.4 ಕಿಲೋವ್ಯಾಟ್, ಅಂದ್ರೆ ಏಳು ಮಿಕ್ಸಿಯ ಕರೆಂಟ್. ಸಿಗುವ ನೂಕುಬಲ ಒಂದು ಸಣ್ಣ ನಿಂಬೆಹಣ್ಣಿನ ತೂಕದಷ್ಟು!

ನಗಬೇಡಿ. ಬಾಹ್ಯಾಕಾಶದಲ್ಲಿ ಎದುರು ಗಾಳಿ ಇಲ್ಲ. ಈ ನಿಂಬೆಹಣ್ಣು ತಿಂಗಳುಗಟ್ಟಲೆ ತಳ್ಳುತ್ತಾ ಇದ್ದರೆ ಟನ್‌ಗಟ್ಟಲೆ ತೂಕದ ಉಪಗ್ರಹವೂ ಕಕ್ಷೆ ಬದಲಿಸುತ್ತೆ. ಇಲ್ಲಿ ಗೆಲ್ಲೋದು ಬಲ ಅಲ್ಲ, ಬಾಳಿಕೆ. ಅಯಾನು ಬಡಿದು ಚಾನೆಲ್ ಗೋಡೆ ಸವೆಯಬಾರದು, ಪ್ಲಾಸ್ಮಾ ಹದ ತಪ್ಪಬಾರದು.

ಇಷ್ಟಾದರೂ ಒಂದು ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ: ಲೆಕ್ಕಕ್ಕಿಂತ ಹೆಚ್ಚು ಎಲೆಕ್ಟ್ರಾನು ಕಾಂತಕ್ಷೇತ್ರ ದಾಟಿ ಬರೋದು ಹೇಗೆ? ದಶಕಗಳಿಂದ ಹುಡುಕುತ್ತಾ ಇದ್ದಾರೆ. ಕೊನೇ ವರ್ಷದ ಪ್ರಾಜೆಕ್ಟಿಗೆ ವಿಷಯ ಇಲ್ಲ ಅನ್ನುವವರೇ, ಈ ಹಂತಿಯಲ್ಲಿ ಎಲೆ ಇನ್ನೂ ಖಾಲಿ ಇದೆ. ಬನ್ನಿ, ಕೂತ್ಕೊಳ್ಳಿ.